‘ಸಂಯುಕ್ತ’ವಲ್ಲ, ಕವಲೆಲೆ

ಶಾಸ್ತ್ರದ ಪರಿಭಾಷೆಯನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವ ರೂಢಿ ನಮ್ಮಲ್ಲಿ ಹೆಚ್ಚಾಗಿಲ್ಲ. ಕವಿಯೊಬ್ಬನ ಒಂದು ಉಪಮೆ ಹೊಂದಲಿಲ್ಲವೆಂದರೆ ನಾವು ಪುಟಗಟ್ಟಲೆ ಬರೆಯುತ್ತೇವೆ. ಕಾದಂಬರಿಯ ಪಾತ್ರದ ಬಾಯಲ್ಲಿ ಸಲ್ಲದ ಮಾತು ಬಂದರೆ ಲೇಖಕನನ್ನು ತರಾಟೆಗೆ ತೆಗೆದುಕೊಳ್ಳುತ್ತೇವೆ. ಆದರೆ ಯಾವ ಕಾವ್ಯಕ್ಕೂ ದೊರೆಯದಷ್ಟು ವಾಚಕರು ದೊರೆಯುವ ಶಾಲಾಪುಸ್ತಕದಲ್ಲಿ ಒಂದು ಶಬ್ದ ತಲೆಮಾರಿನಿಂದ ತಲೆಮಾರಿಗೆ ತಪ್ಪು ಚಿತ್ರವನ್ನು ಕೊಡುತ್ತ ಬಂದರೂ, ಅದು ಶಾಸ್ತ್ರದವರ ಕೆಲಸ, ನಮಗೇಕೆ ಎಂದು ಸುಮ್ಮನಿರುತ್ತೇವೆ. ಪರಿಭಾಷೆಯೂ ಒಂದು ರೂಪಕವೇ. ಅದನ್ನು ಕಟ್ಟಿದವರು ವಸ್ತುವನ್ನು ನೋಡಿ ಕಟ್ಟಿದರೋ, ಬೇರೊಂದು ಭಾಷೆಯ ಶಬ್ದವನ್ನು ನೋಡಿ ಕಟ್ಟಿದರೋ ಎಂದು ಕೇಳುವ ಹಕ್ಕು ಸಾಹಿತ್ಯದವರಿಗೂ ಉಂಟು. ಅಂಥ ಒಂದು ಶಬ್ದವನ್ನು ಇಲ್ಲಿ ಎತ್ತಿಕೊಂಡಿದ್ದೇನೆ: ‘ಸಂಯುಕ್ತ ಪರ್ಣ’.

ಈ ಪ್ರಶ್ನೆ ನನಗೆ ಎದುರಾದುದು ಗ್ರಂಥಾಲಯದಲ್ಲಲ್ಲ; ದಸರೆಯ ರಜೆಯಲ್ಲಿ, ಬೀಳಗಿ ತಾಲೂಕಿನ ಬಾಡಗಂಡಿಯಲ್ಲಿ, ಬಂಧುಗಳ ಮನೆಯ ಪಡಸಾಲೆಯಲ್ಲಿ. ತಾಲೂಕಿನ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನೀರು ಹಾಯ್ದ ಕಡೆ ಕಬ್ಬು, ಹಾಯದ ಕಡೆ ತೊಗರಿ, ಜೋಳ. ಬದುವಿನ ಮೇಲೆ ಜಾಲಿ, ಬೇವು, ಬನ್ನಿ. ಬೇರೊಂದು ಊರಿನಲ್ಲಿ ಏಳನೆಯ ಇಯತ್ತೆ ಓದುವ ಆ ಮನೆಯ ಮೊಮ್ಮಗಳು ರಜೆಗೆಂದು ಬಂದಿದ್ದಳು. ನಾನು ಓದುಬರಹದವನೆಂದು ಯಾರೋ ಹೇಳಿದ್ದರಿಂದ, ತಾನು ಎಲೆಗಳನ್ನು ಅಂಟಿಸಿದ್ದ ವಹಿಯನ್ನು ತಂದು ನನ್ನ ಮುಂದೆ ಬಿಚ್ಚಿದಳು. ಹತ್ತು ಗಿಡಗಳಿಂದ ಒಂದೊಂದು ಎಲೆ ತರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ಒಂದು ಪುಟದಲ್ಲಿ ಹುಣಸೆಯ ಎಲೆ, ಜೋಡಿ ಜೋಡಿಯಾಗಿ ಚಿಕ್ಕ ಎಸಳುಗಳನ್ನು ಹೊತ್ತ ಕಡ್ಡಿಯ ಸಹಿತ, ಒಪ್ಪವಾಗಿ ಅಂಟಿತ್ತು. ಅದರ ಕೆಳಗೆ ಕೆಂಪು ಶಾಯಿಯ ಷರಾ: ಎಲೆ ತರಲು ಹೇಳಿದರೆ ಟೊಂಗೆ ತಂದಿರುವಿ.

“ಮಾಮಾ, ಇದು ಒಂದ ಎಲಿ ಹೌದೋ ಅಲ್ಲೋ, ನೀವ ಹೇಳ್ರಿ” ಎಂದಳು ಹುಡುಗಿ.

ಹೌದು. ಅದು ಒಂದೇ ಎಲೆ. ಹುಡುಗಿಯ ಕೈ ಸರಿಯಾದ ಜಾಗದಲ್ಲೇ ಕಿತ್ತಿತ್ತು. ಷರಾ ಬರೆದವರು ತಪ್ಪಿದ್ದರು. ಆ ಶಿಕ್ಷಕರನ್ನು ಹಳಿಯಲು ನನಗೆ ಮನಸ್ಸಿಲ್ಲ. ಅವರೂ ಇದೇ ಪುಸ್ತಕಗಳನ್ನು ಓದಿ ಬೆಳೆದವರು. ಅವರನ್ನು ದಾರಿ ತಪ್ಪಿಸಿದ್ದು ಒಂದು ಶಬ್ದವೆಂಬುದೇ ನನ್ನ ವಾದ.

‘ಸಂಯುಕ್ತ’ ಎಂದರೇನು? ಕೂಡಿದ್ದು, ಜೋಡಿಸಿದ್ದು. ಮಗು ಈ ಮಾತನ್ನು ಮೊದಲು ಕೇಳುವುದು ಸಂಯುಕ್ತಾಕ್ಷರದಲ್ಲಿ: ಎರಡು ವ್ಯಂಜನ ಕೂಡಿದರೆ ಒತ್ತಕ್ಷರ. ಮುಂದೆ ರಸಾಯನದ ಪಾಠದಲ್ಲಿ ಕೇಳುತ್ತದೆ: ಜಲಜನಕ, ಆಮ್ಲಜನಕ ಕೂಡಿ ನೀರೆಂಬ ಸಂಯುಕ್ತವಾಯಿತು. ಮೂರನೆಯ ಸಲ ಸಸ್ಯದ ಪಾಠದಲ್ಲಿ ‘ಸಂಯುಕ್ತ ಪರ್ಣ’ ಬಂದಾಗ ಆ ಮಗು ಏನೆಂದು ತಿಳಿಯಬೇಕು? ಹಲವು ಎಲೆಗಳು ಕೂಡಿ ಒಂದಾದುವೆಂದೇ ತಿಳಿಯುತ್ತದೆ. ಹಲವು ಎಲೆ ಹೊತ್ತ ಕಡ್ಡಿಗೆ ಟೊಂಗೆಯೆನ್ನುವುದು ಲೋಕರೂಢಿ. ಆದಕಾರಣ ಹುಣಸೆಯ ಎಲೆ ಟೊಂಗೆಯಾಯಿತು. ತರ್ಕದಲ್ಲಿ ದೋಷವಿಲ್ಲ, ದೋಷ ಶಬ್ದದಲ್ಲಿದೆ.

ನಿಜಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದೆ. ಗಿಡದ ಬೆಳೆಯುವ ತುದಿಯಲ್ಲಿ ಎಲೆ ಮೊದಲು ಹುಟ್ಟುವುದು ಒಂದೇ ಒಂದು ಸಣ್ಣ ಗುಬುಟಾಗಿ. ಮಾವು, ಆಲ, ಅರಳಿಗಳಲ್ಲಿ ಆ ಗುಬುಟು ಅಗಲಿಸಿಕೊಂಡು ಒಂದೇ ಹಾಳೆಯಾಗುತ್ತದೆ. ಬೇವು, ಹುಣಸೆ, ಕರಿಬೇವುಗಳಲ್ಲಿ ಅದೇ ಒಂದು ಗುಬುಟಿನ ಅಂಚಿನಿಂದ ಇನ್ನಷ್ಟು ಸಣ್ಣ ಗುಬುಟುಗಳು ಒಡೆಯುತ್ತವೆ. ಅವೊಂದೊಂದೂ ಒಂದೊಂದು ಎಸಳಾಗುತ್ತದೆ. ಜಾಲಿಯಲ್ಲಿ ಕವಲು ಮತ್ತೆ ಕವಲೊಡೆಯುತ್ತದೆ. ನುಗ್ಗೆಯಲ್ಲಿ ಮೂರನೆಯ ಸಲವೂ ಒಡೆಯುತ್ತದೆ. ಇಲ್ಲಿ ಎಲ್ಲಿಯೂ ಹಲವು ಬಂದು ಒಂದನ್ನು ಸೇರಲಿಲ್ಲ, ಒಂದೇ ಹಲವಾಯಿತು. ಅಂದಮೇಲೆ ‘ಸಂಯುಕ್ತ’ ಎಂಬುದು ವಸ್ತುವಿನ ವರ್ಣನೆಯಲ್ಲ. ಕೂಡಿಸಿ ಇಟ್ಟದ್ದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ‘ಕಾಂಪೌಂಡ್’ ಎಂಬ ಇಂಗ್ಲಿಷ್ ಮಾತಿನ ನೆರಳು ಅದು. ತಪ್ಪು ಮೊದಲು ಅವರದು. ನಾವು ಅದನ್ನು ಸಂಸ್ಕೃತದ ಪೋಷಾಕು ತೊಡಿಸಿ ಮನೆಗೆ ಕರೆದುಕೊಂಡೆವು.

ಎಲೆ ಯಾವುದು, ಎಸಳು ಯಾವುದು ಎಂದು ಪರೀಕ್ಷಿಸುವ ಬಗೆ ಕಷ್ಟದ್ದಲ್ಲ. ಎಲೆ ಟೊಂಗೆಗೆ ಕೂಡುವ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಮುಂದಿನ ಚಿಗುರು, ಹೂ ಎಲ್ಲ ಬರುವುದು ಅಲ್ಲಿಂದ. ಎಸಳಿನ ಬುಡದಲ್ಲಿ ಆ ಮೊಗ್ಗು ಇರುವುದಿಲ್ಲ. ಹುಡುಗಿಯನ್ನು ಕರೆದುಕೊಂಡು ಮನೆಯ ಹಿಂದಿನ ಹುಣಸೆಯ ಕೆಳಗೆ ಹೋದೆ. ಒಂದು ಎಲೆಯಲ್ಲಿ ಹತ್ತರಿಂದ ಇಪ್ಪತ್ತು ಜೊತೆ ಎಸಳು. ಒಂದೊಂದರ ಬುಡವನ್ನೂ ಉಗುರಿನಿಂದ ಸರಿಸಿ ನೋಡಿದಳು, ಮೊಗ್ಗಿಲ್ಲ. ಕಡ್ಡಿ ಟೊಂಗೆಗೆ ಕೂಡುವ ಮೂಲೆಯಲ್ಲಿ ನೋಡಿದಳು. ಸಾಸಿವೆಗಿಂತ ಸಣ್ಣ ಮೊಗ್ಗು ಕುಳಿತಿತ್ತು. ಅವಳಿಗೆ ಬೇರೆ ಪ್ರಮಾಣ ಬೇಕಾಗಲಿಲ್ಲ.

ಇನ್ನೊಂದು ವಿಷಯವನ್ನು ಅವಳ ಆಯಿ ತೋರಿಸಿಕೊಟ್ಟರು, ತಾವು ತೋರಿಸುತ್ತಿದ್ದೇವೆಂಬ ಅರಿವಿಲ್ಲದೆ. ಒಲೆಯ ಮುಂದಿನಿಂದಲೇ ಕೂಗಿ, “ತಂಗಿ, ಹಿತ್ತಲಕ್ಕ ಹೋಗಿ ಎರಡ ಎಸಳ ಕರಿಬೇವ ತಾರವಾ” ಎಂದರು. ಹುಡುಗಿ ಎರಡು ಚಿಕ್ಕ ಹಾಳೆಗಳನ್ನು ಕಿತ್ತು ತರಲಿಲ್ಲ. ಹತ್ತಿಪ್ಪತ್ತು ಹಾಳೆಗಳಿದ್ದ ಎರಡು ಕಡ್ಡಿಗಳನ್ನು ಬುಡದಲ್ಲಿ ಮುರಿದು ತಂದಳು. ಅಡುಗೆಮನೆಯ ‘ಒಂದೆಸಳು ಕರಿಬೇವು’ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸರಿಯಾಗಿ ಒಂದು ಎಲೆ. ಹೆಸರು ಬೇರೆಯಾಗಿರಬಹುದು, ಎಣಿಕೆ ಒಂದೇ.

ದೇವರ ಮನೆಯಲ್ಲಿ ಈ ಎಣಿಕೆ ಇನ್ನೂ ಕಟ್ಟುನಿಟ್ಟು. ಬಿಲ್ವಪತ್ರೆಗೆ ಮೂರು ದಳ. ಮೂರೂ ಇದ್ದರೆ ಒಂದು ಪತ್ರೆ. ಒಂದು ದಳ ಹರಿದು ಹೋದರೆ ಅದನ್ನು ಪತ್ರೆಯೆಂದು ಏರಿಸುವುದಿಲ್ಲ. ಪತ್ರೆ ಇಡಿಯದು, ದಳ ಅದರ ಭಾಗ: ಎಲೆ ಮತ್ತು ಕಿರುಎಲೆಗಳ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಾಠ ಹೇಳೀತು? ಮುತ್ತಲದ ಎಲೆಯೂ ಮೂರೆಸಳಿನದೇ. ಪತ್ರಾವಳಿ ಹಚ್ಚುವವರು ಆ ಮೂರನ್ನು ಬಿಡಿಸಿ, ಬಿಡಿ ಎಸಳುಗಳನ್ನು ಕಡ್ಡಿಯಿಂದ ಜೋಡಿಸುತ್ತಾರೆ. ನಿಜವಾದ ‘ಸಂಯುಕ್ತ’ವೆಂದರೆ ಆ ಪತ್ರಾವಳಿಯೇ. ಮರದಲ್ಲಿದ್ದಾಗ ಅದು ಒಂದು ಎಲೆ ಒಡೆದು ಮೂರಾದದ್ದು. ಊಟದ ಪಂಕ್ತಿಗೆ ಬಂದಾಗ ಹಲವು ಕೂಡಿ ಒಂದಾದದ್ದು.

ಎರಡು ಬಗೆಗಳಿಗೂ ಹೆಸರು ಬೇಕು. ಪುಸ್ತಕವಾದರೋ ಒಂದರ ಹೆಸರನ್ನು ಇನ್ನೊಂದಕ್ಕೆ ಕೊಟ್ಟು ಕುಳಿತಿದೆ. ಇದರ ವಿಪರ್ಯಾಸ ಪೂರ್ತಿ ಕಾಣಬೇಕಾದರೆ ಬಸವನಪಾದದ ಎಲೆಯನ್ನು ನೋಡಬೇಕು. ನಡುವೆ ಸೀಳಿದ, ಗೊರಸಿನ ಆಕಾರದ ಆ ಎಲೆಯನ್ನು ಪುಸ್ತಕ ‘ಸರಳ ಪರ್ಣ’ದ ಪಟ್ಟಿಗೆ ಹಾಕುತ್ತದೆ. ಆದರೆ ಅದು ಎರಡು ಎಸಳುಗಳು ಬೆಸೆದುಕೊಂಡು ಆದದ್ದೆಂಬ ಅಭಿಪ್ರಾಯ ಸಸ್ಯಶಾಸ್ತ್ರಜ್ಞರಲ್ಲಿ ಬಹುಕಾಲದಿಂದ ಇದೆ. ಅದರ ಬಳಗದ ಕೆಲವು ಗಿಡಗಳಲ್ಲಿ ಎರಡೂ ಎಸಳು ಇಂದಿಗೂ ಬೇರೆ ಬೇರೆಯಾಗಿಯೇ ಇವೆ. ಅಂದರೆ ಕೂಡಿ ಆದದ್ದಕ್ಕೆ ನಾವು ಸರಳವೆಂದೆವು. ಒಡೆದು ಆದದ್ದಕ್ಕೆ ಸಂಯುಕ್ತವೆಂದೆವು! ವಿಜಯದಶಮಿಯ ಸಂಜೆ ನಾವೆಲ್ಲ ಬನ್ನಿ ಕೊಟ್ಟು ಬಂಗಾರದಂತಿರೋಣ ಎಂದುಕೊಂಡಾಗ ನನಗೆ ಇದೇ ಯೋಚನೆ. ಬನ್ನಿಯ ಎಲೆ ಎರಡು ಸಲ ಕವಲೊಡೆದದ್ದು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಅದೇ ದಿನ ಬಂಗಾರವೆಂದು ಹಂಚುವ ಆಪಟೆಯ ಎಲೆ ಬಸವನಪಾದದ ಬಳಗದ್ದು. ಒಂದೇ ಹಬ್ಬ, ಒಂದೇ ಹಾರೈಕೆ. ಒಂದು ಕೈಯಲ್ಲಿ ಒಡೆದ ಎಲೆ, ಇನ್ನೊಂದು ಕೈಯಲ್ಲಿ ಬೆಸೆದ ಎಲೆ.

ಹಿತ್ತಲಲ್ಲಿಯೇ ಇನ್ನೊಂದು ಪಾಠವಿದೆ. ಕರಿಬೇವು, ಬೆಳವಲ, ಬಿಲ್ವ, ಲಿಂಬೆ ಈ ನಾಲ್ಕೂ ಒಂದೇ ಕುಟುಂಬದ ಗಿಡಗಳು. ಕರಿಬೇವಿಗೆ ಎಸಳು ಬಹಳ, ಬೆಳವಲಕ್ಕೆ ಐದೋ ಏಳೋ, ಬಿಲ್ವಕ್ಕೆ ಮೂರು, ಲಿಂಬೆಗೆ ಒಂದೇ. ಆದರೆ ಲಿಂಬೆಯ ಎಲೆಯನ್ನು ಹತ್ತಿರದಿಂದ ನೋಡಿರಿ: ತೊಟ್ಟಿಗೂ ಹಾಳೆಗೂ ನಡುವೆ ಒಂದು ಕೀಲಿನ ಗೆರೆ ಕಾಣುತ್ತದೆ. ಹಲವು ಎಸಳುಗಳ ಮನೆತನದಲ್ಲಿ ಒಂದೇ ಎಸಳು ಉಳಿದುಕೊಂಡದ್ದರ ಗುರುತು ಅದೆಂದು ಶಾಸ್ತ್ರಜ್ಞರು ಬಗೆಯುತ್ತಾರೆ. ಒಂದೇ ಹಾಳೆಯುಳ್ಳ ಎಲೆಯನ್ನೂ ‘ಸಂಯುಕ್ತ’ವೆಂದು ಕರೆಯಬೇಕಾಗಿ ಬಂದಾಗ ಈ ಶಬ್ದ ಎಷ್ಟು ಪೇಚಿಗೆ ಸಿಲುಕುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಒಂಟಿಯಾಗಿರುವುದು ಯಾರೊಡನೆ ಕೂಡಿತು?

ಹಾಗೆಂದು ಸೀಳು ಕಂಡಲ್ಲೆಲ್ಲ ಎಸಳು ಎಣಿಸಲಾಗದು. ಹತ್ತಿ, ಔಡಲಗಳ ಎಲೆಗೆ ಬೆರಳುಗಳಿವೆ. ಆದರೆ ಅಂಗೈ ಒಂದೇ. ಬೂರಲದಲ್ಲಿ ಬೆರಳುಗಳು ಬುಡದವರೆಗೂ ಬೇರೆ. ಅದು ನಿಜವಾಗಿ ಒಡೆದ ಎಲೆ. ಬಾಳೆಯ ಎಲೆ ಗಾಳಿಗೆ ಸಿಕ್ಕಿ ಸೀಳುಸೀಳಾಗಿ ತೆಂಗಿನ ಗರಿಯಂತೆ ತೂಗುತ್ತದೆ; ಆದರೆ ಹುಟ್ಟಿನಲ್ಲಿ ಅದು ಒಂದೇ ಹಾಳೆ, ಸೀಳಿದ್ದು ಗಾಳಿ. ತೆಂಗಿನ ಗರಿಯ ಕತೆ ಈ ಎಲ್ಲಕ್ಕಿಂತ ಬೇರೆ. ಅಲ್ಲಿ ಅಂಚಿನಿಂದ ಗುಬುಟುಗಳು ಏಳುವುದಿಲ್ಲ. ಎಳೆಯ ಎಲೆ ಮೊದಲು ನೆರಿಗೆ ಹಿಡಿದ ಒಂದೇ ಹಾಳೆಯಾಗಿರುತ್ತದೆ. ಬೆಳೆಯುತ್ತ ನೆರಿಗೆಯ ಗುಂಟ ತಾನೇ ಬಿರಿದು ಎಸಳು ಎಸಳಾಗುತ್ತದೆ. ತಾಳೆಯ ಬೀಸಣಿಗೆಯೂ ಹೀಗೆ ಬಿರಿದದ್ದೇ. ಹಾಗೆ ಬಿರಿದ ಓಲೆಗರಿಯ ಮೇಲಲ್ಲವೆ ನಮ್ಮ ಹಳೆಯ ಕವಿಗಳ ಕೃತಿಗಳು ಪ್ರತಿಯಿಂದ ಪ್ರತಿಗೆ ಇಳಿದು ಬಂದುದು? ಕನ್ನಡ ಸಾಹಿತ್ಯ ಶತಮಾನಗಟ್ಟಲೆ ವಾಸವಾಗಿದ್ದುದು ಎಲೆಯ ಭಾಗಗಳಲ್ಲಿ. ಎಲೆಯ ಭಾಗಕ್ಕೆ ಒಂದು ಸರಿಯಾದ ಹೆಸರಿಡಲು ಕನ್ನಡ ಶಾಸ್ತ್ರಗ್ರಂಥ ತಡವರಿಸುತ್ತಿದೆ.

ಇಷ್ಟೆಲ್ಲ ಹೂ ಬಿಡುವ ಗಿಡಗಳ ಮತ್ತು ಮರಗಳ ಮಾತು. ಹೂವಿಲ್ಲದ, ಬೀಜವಿಲ್ಲದ ಜರೀಗಿಡಗಳಲ್ಲಿ ಈ ಪ್ರಶ್ನೆ ಇನ್ನೂ ಆಳಕ್ಕೆ ಇಳಿಯುತ್ತದೆ. ಜರಿಯೆಂದರೆ ಸೀರೆಯಂಚಿನ ಜರಿಯೂ ಹೌದು, ಸಾಲು ಕಾಲಿನ ಹುಳುವೂ ಹೌದು. ಹೆಸರಿನ ಹುಟ್ಟು ಏನೇ ಇರಲಿ, ಎರಡು ಚಿತ್ರಗಳೂ ಆ ಎಲೆಗೆ ಒಪ್ಪುತ್ತವೆ. ಮಲೆನಾಡಿನಲ್ಲಿ ಜರೀಗಿಡ ದಾರಿಯ ಬದಿಗೇ ಸಿಕ್ಕೀತು. ಬಾಡಗಂಡಿಯ ಬಿಸಿಲಿನಲ್ಲಿ ಅದನ್ನು ಎಲ್ಲಿ ಹುಡುಕುವುದು? ಬಾವಿಯಲ್ಲಿ. ಹೊಲದ ಹಳೆಯ ಕಲ್ಲುಕಟ್ಟಿನ ಬಾವಿಯ ಪಾವಟಿಗೆಗಳನ್ನು ನಾಲ್ಕು ಇಳಿದರೆ ಸಾಕು. ನೀರಿನ ತಂಪು ತಾಕುವಲ್ಲಿ, ಕಲ್ಲಿನ ಸಂದಿನಲ್ಲಿ, ಕೂದಲಿನಂತೆ ತೆಳ್ಳಗೆ, ಕಪ್ಪಗೆ ಮಿರುಗುವ ಕಡ್ಡಿಯ ಮೇಲೆ ಹಸುರು ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದಂಥ ಜರಿ ತೂಗುತ್ತಿರುತ್ತದೆ.

ಹುಡುಗಿ ಒಂದನ್ನು ಕಿತ್ತು ಹುಣಸೆಯ ಪರೀಕ್ಷೆಯನ್ನೇ ಇದಕ್ಕೂ ಹಚ್ಚಿದಳು. ಬಿಲ್ಲೆಯ ಬುಡದಲ್ಲಿ ಮೊಗ್ಗಿಲ್ಲ, ಸರಿ. ಕಡ್ಡಿಯ ಬುಡದಲ್ಲಿ? ಅಲ್ಲಿಯೂ ಇಲ್ಲ. ಅವಳ ಮುಖ ಸಣ್ಣದಾಯಿತು. ಕಂಕುಳ ಮೊಗ್ಗಿನ ಸೂತ್ರ ಹೂ ಬಿಡುವ ಗಿಡಗಳಿಂದ ಕಲಿತದ್ದು; ಜರೀಗಿಡ ಸಾಮಾನ್ಯವಾಗಿ ಅದಕ್ಕೆ ಬಗ್ಗುವುದಿಲ್ಲ. ಇಲ್ಲಿ ಕಾಂಡ ಕಲ್ಲಿನ ಸಂದಿನೊಳಗೆ ತೆವಳಿಕೊಂಡಿರುತ್ತದೆ. ಅದರಿಂದ ಮೇಲೆದ್ದು ಕಾಣುವುದೆಲ್ಲ ಒಂದು ಎಲೆ. ಗುರುತು ಬೇಕಿದ್ದರೆ ಎರಡಿವೆ. ಎಳೆಯ ಎಲೆ ತುದಿಯಿಂದ ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದು ಮೆಲ್ಲನೆ ಬಿಚ್ಚಿಕೊಳ್ಳುತ್ತದೆ. ಆ ಎಳೆಯ ಸುರುಳಿಗಳನ್ನು ಕಿತ್ತು ಕೊಡಗಿನವರು ಥೆರ್ಮೆ ತೊಪ್ಪೆಂದು ಪಲ್ಯ ಮಾಡುತ್ತಾರೆ. ಬಲಿತ ಎಲೆಯನ್ನು ಮಗುಚಿದರೆ ಅದರ ಬೆನ್ನಿನಲ್ಲಿ ಬೀಜಕಗಳ ಕಂದು ಗುಂಪು ಕಾಣುತ್ತದೆ. ನಮ್ಮ ಬಾವಿಯ ಜರಿಯಲ್ಲಿ ಬಿಲ್ಲೆಯ ಅಂಚೇ ಒಳಕ್ಕೆ ಮಡಚಿ ಅವನ್ನು ಮುಚ್ಚಿಕೊಂಡಿತ್ತು. ಸಂತತಿಯ ಭಾರವನ್ನು ಸಹ ಎಲೆಯೇ ಹೊರುವ ಗಿಡವಿದು.

ಜರೀಗಿಡದ ಎಲೆಗಳ ವೈವಿಧ್ಯವನ್ನು ಹೇಳಿದರೆ ಕತೆಯೆಂದುಕೊಳ್ಳುವವರುಂಟು. ಪಶ್ಚಿಮಘಟ್ಟದ ಮರಜರಿಯ ಒಂದೊಂದು ಎಲೆಯೂ ಆಳುದ್ದ ಮೀರುತ್ತದೆ. ಕವಲಿನ ಮೇಲೆ ಕವಲು ಒಡೆದು ಕೊಡೆಯಂತೆ ಹರಡುತ್ತದೆ. ಅದೇ ಘಟ್ಟದ ಲೈಗೋಡಿಯಮ್ ಎಂಬ ಜರಿ ಬಳ್ಳಿಯಂತೆ ಪೊದೆ ಹತ್ತುತ್ತದೆ. ಅದರಲ್ಲಿ ನಾವು ಬಳ್ಳಿಯೆಂದುಕೊಳ್ಳುವುದು ಕಾಂಡವಲ್ಲ, ಎಲೆಯ ನಡುದಿಂಡು; ಮೀಟರುಗಟ್ಟಲೆ ಹಬ್ಬಿದ ಆ ಇಡಿಯ ಬಳ್ಳಿ ಒಂದೇ ಎಲೆ, ಅದರ ತುದಿ ಬೆಳೆಯುತ್ತಲೇ ಇರುತ್ತದೆ. ಕೆಸರಿನಂಚಿನಲ್ಲಿ ನಾಲ್ಕೆಸಳನ್ನು ಕೊಡೆಯಂತೆ ಬಿಚ್ಚಿ ನಿಲ್ಲುವ ಮಾರ್ಸೀಲಿಯವನ್ನು ನೋಡಿದವರು ಯಾವುದೋ ಮೇವಿನ ಸೊಪ್ಪೆಂದುಕೊಳ್ಳುತ್ತಾರೆ. ಅದೂ ಜರೀಗಿಡದ ಬಳಗವೇ.

ಇದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ನೀರಿನ ನೆರಳಿನಲ್ಲಿರುವ ಜರಿಯೂ ಸುಡುಬಿಸಿಲಿನ ಜಾಲಿಯೂ ಒಂದೇ ಬಗೆಯ ಎಲೆಯನ್ನು ಹೇಗೆ ಪಡೆದುವು? ಒಂದು ಇನ್ನೊಂದರಿಂದ ಕಲಿತದ್ದಲ್ಲ. ಜರೀಗಿಡಗಳ ಎಲೆಯೂ ಬೀಜದ ಗಿಡಗಳ ಎಲೆಯೂ ಬೇರೆ ಬೇರೆಯಾಗಿ ವಿಕಾಸಗೊಂಡವೆಂಬುದಕ್ಕೆ ಬಲವಾದ ಆಧಾರಗಳಿವೆ. ಹೂಗಿಡಗಳಲ್ಲಿಯೇ ಒಡೆದ ಎಲೆ ಹಲವು ಸಲ ಹೊಸದಾಗಿ ಹುಟ್ಟಿದೆ. ಆದರೂ ಒಳಗಿನ ಉಪಾಯ ಬಹುಮಟ್ಟಿಗೆ ಒಂದೇ. ಕಾಂಡದ ತುದಿಯನ್ನು ಸದಾ ಎಳೆಯದಾಗಿ, ಕವಲೊಡೆಯುವಂತೆ ಇರಿಸುವ ‘ನಾಕ್ಸ್’ ಎಂಬ ವಂಶವಾಹಿಗಳು ಸರಳ ಎಲೆಯ ಗುಬುಟಿನಲ್ಲಿ ಸಾಮಾನ್ಯವಾಗಿ ಮೌನವಾಗಿರುತ್ತವೆ. ಒಡೆಯುವ ಎಲೆಯ ಗುಬುಟಿನಲ್ಲಿ ಮತ್ತೆ ಮಾತನಾಡುತ್ತವೆ. ಗೀತಾ ಭರತನ್ ಮತ್ತು ಸಂಗಡಿಗರು 2002ರಲ್ಲಿ ಹಲವಾರು ಗಿಡಗಳ ಎಳೆಯ ಎಲೆಗಳಲ್ಲಿ ಇದನ್ನು ಹುಡುಕಿ ತೋರಿಸಿದರು. ಬಟಾಣಿಯಲ್ಲಿ ಬೇರೊಂದು ವಂಶವಾಹಿ ಇದೇ ಕೆಲಸವನ್ನು ವಹಿಸಿಕೊಂಡಿದೆ. ಒಟ್ಟಿನಲ್ಲಿ, ಒಡೆಯುವ ಎಲೆಯೆಂದರೆ ಟೊಂಗೆಯ ಎಳೆತನವನ್ನು ಇನ್ನಷ್ಟು ಹೊತ್ತು ತನ್ನಲ್ಲಿ ಉಳಿಸಿಕೊಂಡ ಎಲೆ.

ಒಣನಾಡಿನ ಮರಗಳಿಗೆ ಇದರಿಂದ ಏನು ಲಾಭವೆಂಬುದು ಎರಡನೆಯ ಪ್ರಶ್ನೆ. ಸಣ್ಣ ಎಸಳಿನ ಮೇಲಿನ ಬಿಸಿ ಗಾಳಿಗೆ ಬೇಗ ಆರುತ್ತದೆ. ದೊಡ್ಡ ಹಾಳೆಗೆ ಹಾಗೆ ಆರಲು ಬಹಳ ನೀರು ವೆಚ್ಚವಾಗಬೇಕು. ಹುಣಸೆ, ಜಾಲಿಗಳ ಎಸಳಿನ ಬುಡದ ಕೀಲು ಸಂಜೆಯಾದೊಡನೆ ಅವನ್ನು ಮಡಚಿಡುತ್ತದೆ. 1978ರಲ್ಲಿ ಥಾಮಸ್ ಗಿವ್ನಿಶ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞರು ಇನ್ನೊಂದು ವಿಚಾರವನ್ನು ಮುಂದಿಟ್ಟರು: ಇಂಥ ಎಲೆ ಮರಕ್ಕೆ ಅಗ್ಗದ ಟೊಂಗೆಯಂತೆ. ಮಳೆಗಾಲದಲ್ಲಿ ಬೇಗ ಚಾಚಿ ಬೆಳಕು ಹಿಡಿಯಬಹುದು. ಬೇಸಗೆ ಬಂದಾಗ ಕಟ್ಟಿಗೆಯ ಖರ್ಚಿಲ್ಲದೆ ಉದುರಿಸಿಬಿಡಬಹುದು. ನೀರಿನ ಲೆಕ್ಕವನ್ನು ಕೊಡದಿಂದ ಹಾಕುವ ನಾಡಿನಲ್ಲಿ ಈ ವಿಚಾರ ಮನಸ್ಸಿಗೆ ಕೂಡಲೇ ನಾಟುತ್ತದೆ.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಒಡೆಯುವ ಎಲೆ ಇಷ್ಟರಮಟ್ಟಿಗೆ ಟೊಂಗೆಯನ್ನು ಹೋಲುವುದಾದರೆ, ಕೆಂಪು ಶಾಯಿಯ ಷರಾ ಅಷ್ಟು ತಪ್ಪಾಗಿತ್ತೆ? ಕವಿಯಾಗಿ ಹೆಸರಾದ ಗಯಟೆ 1790ರಲ್ಲಿ ಗಿಡದ ಅಂಗಗಳೆಲ್ಲ ಎಲೆಯ ರೂಪಾಂತರಗಳೆಂದು ಬರೆದ. 1950ರಲ್ಲಿ ಇಂಗ್ಲೆಂಡಿನ ಆಗ್ನೆಸ್ ಆರ್ಬರ್, ಎಲೆಯೇ ಒಂದು ಅಪೂರ್ಣ ಚಿಗುರು, ಪೂರ್ತಿ ಟೊಂಗೆಯಾಗಲು ಹಂಬಲಿಸುವ ಅಂಗವೆಂದು ವಾದಿಸಿದರು. ಜರ್ಮನಿಯ ವಾಲ್ಟರ್ ತ್ಸಿಮ್ಮರ್‌ಮನ್ 1930ರಲ್ಲಿ ಇನ್ನೂ ಹಿಂದಕ್ಕೆ ಹೋಗಿದ್ದರು: ನೆಲದ ಮೇಲಿನ ಆದಿಸಸ್ಯಗಳಿಗೆ ಎಲೆಯೇ ಇರಲಿಲ್ಲ, ಕವಲೊಡೆದ ಕಡ್ಡಿಗಳಷ್ಟೇ ಇದ್ದುವು, ಆ ಕವಲುಗಳು ಒಂದೇ ಸಮತಲಕ್ಕೆ ಬಂದು, ನಡುವೆ ಹಸುರು ಪೊರೆ ತುಂಬಿಕೊಂಡು ಎಲೆಯಾಯಿತು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಿಂದಿನ ಅಂಥ ಎಲೆಯಿಲ್ಲದ ಕಡ್ಡಿಗಿಡಗಳು ಇಂದಿಗೂ ಅಚ್ಚಳಿಯದೆ ಕಾಣುತ್ತವೆ. ಬೇವಿನ ಕುಟುಂಬಕ್ಕೇ ಸೇರಿದ ಗ್ವಾರಿಯಾ ಎಂಬ ಮರದಲ್ಲಿ ಎಲೆಯ ತುದಿಯ ಮೊಗ್ಗು ವರ್ಷಗಟ್ಟಲೆ ಹೊಸ ಎಸಳುಗಳನ್ನು ಹಾಕುತ್ತಲೇ ಹೋಗುತ್ತದೆ, ತಾನು ಟೊಂಗೆಯೋ ಎಂಬಂತೆ.

ಒಪ್ಪಿದೆ. ಎಲೆಗೂ ಟೊಂಗೆಗೂ ನಡುವಿನ ಗೋಡೆ ನಾವು ತಿಳಿದಷ್ಟು ಗಟ್ಟಿಯಲ್ಲ. ಆದರೆ ಇದರಿಂದ ‘ಸಂಯುಕ್ತ’ ಎಂಬ ಮಾತು ಉಳಿಯುವುದಿಲ್ಲ, ಇನ್ನಷ್ಟು ಸಡಿಲುತ್ತದೆ. ನೋಡಿದ ಕಡೆಯಲ್ಲೆಲ್ಲ ನಮಗೆ ಕಂಡದ್ದು ಒಂದೇ ಕ್ರಿಯೆ: ಕವಲು. ಆದಿಸಸ್ಯದ ಕಡ್ಡಿಯೂ ಕವಲೊಡೆಯಿತು, ಇಂದಿನ ಹುಣಸೆಯ ಎಳೆಗುಬುಟೂ ಕವಲೊಡೆಯುತ್ತದೆ, ಬಾವಿಯ ಜರಿಯೂ ಕವಲೊಡೆಯುತ್ತದೆ. ಅಂದಮೇಲೆ ಇದನ್ನು ‘ಕವಲೆಲೆ’ ಎಂದು ಏಕೆ ಕರೆಯಬಾರದು? ಕವಲು ದಾರಿಗೂ ಉಂಟು, ಹೊಳೆಗೂ ಉಂಟು, ಮನೆತನಕ್ಕೂ ಉಂಟು; ಒಂದಾಗಿ ಹೊರಟದ್ದು ಹಲವಾಗುವುದೇ ಕವಲು ಎಂದು ಯಾವ ಮಗುವಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನವರು ‘ಪಿನ್ನೇಟ್’ ಎನ್ನುವಾಗ ಅವರ ಮನಸ್ಸಿನಲ್ಲಿರುವ ಲ್ಯಾಟಿನ್ ‘ಪಿನ್ನಾ’ ಎಂದರೆ ಹಕ್ಕಿಯ ಗರಿ. ನಮಗೆ ಆ ರೂಪಕವನ್ನು ಯಾರೂ ಕಲಿಸಬೇಕಾಗಿರಲಿಲ್ಲ; ಹಕ್ಕಿಯ ಗರಿಗೂ ತೆಂಗಿನ ಗರಿಗೂ ಕನ್ನಡ ಒಂದೇ ಹೆಸರನ್ನು ಇಟ್ಟುಕೊಂಡಿದೆ. ಬೇಂದ್ರೆಯವರು 1932ರಲ್ಲಿ ತಮ್ಮ ಕವನಸಂಗ್ರಹಕ್ಕೆ ‘ಗರಿ’ ಎಂದು ಹೆಸರಿಟ್ಟರು. ಕವಿಗೆ ಸಾಕಾದ ಮಾತು ಶಾಸ್ತ್ರಕ್ಕೆ ಸಾಲದೆ? ಹುಣಸೆ, ಬೇವು, ಕರಿಬೇವುಗಳದು ಗರಿಗವಲು, ಬೂರಲದ್ದು ಬೆರಳುಗವಲು, ಬಿಲ್ವ, ಮುತ್ತಲ, ತೊಗರಿಗಳದು ಮುಗ್ಗವಲು. ಹೆಸರು ಹೇಳಿದೊಡನೆ ಎಲೆ ಕಣ್ಣೆದುರು ನಿಲ್ಲುತ್ತದೆ.

ಇದು ಸಂಸ್ಕೃತದ ಮೇಲಿನ ಮುನಿಸಲ್ಲ. ‘ಪತ್ರೆ’, ‘ದಳ’ ಎರಡೂ ಸಂಸ್ಕೃತವೇ. ಅವುಗಳನ್ನು ಈ ಲೇಖನದಲ್ಲಿಯೇ ಹೊಗಳಿದ್ದೇನೆ. ಅವು ವಸ್ತುವನ್ನು ಕೈಯಲ್ಲಿ ಹಿಡಿದವರ ಬಾಯಲ್ಲಿ ಸವೆದು ನಯವಾದ ಮಾತುಗಳು. ನನ್ನ ಜಗಳವಿರುವುದು ವಸ್ತುವನ್ನು ನೋಡದೆ ಕೋಶದಿಂದ ಕೋಶಕ್ಕೆ ದಾಟಿಸಿದ ಮಾತಿನೊಡನೆ. ಕನ್ನಡದಲ್ಲಿ ಬೇರೆ ದಾರಿ ಇರಲಿಲ್ಲವೆಂದೂ ಅಲ್ಲ. ಶಿವರಾಮ ಕಾರಂತರು 1959ರಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಹೊರತಂದಾಗ ಸಾಮಾನ್ಯ ವಾಚಕನನ್ನೇ ಎದುರಿಗಿಟ್ಟುಕೊಂಡು ಬರೆದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದರಲ್ಲಿ ಗಿಡ ಮೊದಲು, ಹೆಸರು ಆಮೇಲೆ. ವಿದ್ಯಾರ್ಥಿಗಳ ಹಿಂಡಿನೊಡನೆ ಕಾಡಿನಲ್ಲಿ ಅಲೆಯುತ್ತ, ನಗಿಸುತ್ತ ಗಿಡವನ್ನು ಪರಿಚಯ ಮಾಡಿಕೊಟ್ಟ ಮೇಲೆಯೇ ಸ್ವಾಮಿಯವರು ಶಾಸ್ತ್ರವನ್ನು ತೆರೆದರು. ಆ ಕ್ರಮ ಸಾಹಿತ್ಯಕ್ಕೆ ಸಂದಿತು. ಶಾಲೆಯ ಪಾಠಕ್ಕೆ ಇಳಿಯಲಿಲ್ಲ. ಪಾಠದಲ್ಲಿ ಇಂದಿಗೂ ವ್ಯಾಖ್ಯೆ ಮೊದಲು, ಚಿತ್ರ ಆಮೇಲೆ. ಎಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬೇರೂರಿದ ಪರಿಭಾಷೆಯನ್ನು ಬದಲಿಸುವುದರಿಂದ ಗೊಂದಲವೇ ಹೆಚ್ಚುತ್ತದೆಂದು ಬಲ್ಲವರು ಹೇಳಬಹುದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ‘ಸಂಯುಕ್ತ ಪರ್ಣ’ ಇರುವುದಾದರೆ ಇರಲಿ. ಅದನ್ನು ಒಂದು ದಿನದಲ್ಲಿ ಕೀಳುವ ಹುಮ್ಮಸ್ಸು ನನಗಿಲ್ಲ. ಆದರೆ ಆ ಮಾತಿಗೆ ಮುಂಚೆ ಶಿಕ್ಷಕರ ಬಾಯಿಂದ ಕವಲೆಲೆಯೆಂಬ ಮಾತು ಒಮ್ಮೆ ಬರಲಿ. ಪುಸ್ತಕದ ಗುಲಾಬಿಯ ಚಿತ್ರಕ್ಕೆ ಮುಂಚೆ ಹಿತ್ತಲ ಕರಿಬೇವು ಒಮ್ಮೆ ಮಕ್ಕಳ ಕೈಗೆ ಸಿಗಲಿ. ಏಕೆಂದರೆ ಇಲ್ಲಿ ನಷ್ಟವಾದುದು ಒಂದು ಅಂಕವಲ್ಲ. ಹುಡುಗಿಯ ಕೈಗೆ ತಿಳಿದಿತ್ತು, ಅವಳ ಆಯಿಯ ಮಾತಿಗೆ ತಿಳಿದಿತ್ತು. ಶಾಲೆಯ ಶಬ್ದ ಬಂದು ಆ ತಿಳಿವಳಿಕೆಯನ್ನು ತಪ್ಪೆಂದು ಹೊಡೆದುಹಾಕಿತು. ಕಣ್ಣಾರೆ ಕಂಡದ್ದಕ್ಕಿಂತ ಕೆಂಪು ಶಾಯಿ ದೊಡ್ಡದೆಂದು ಒಮ್ಮೆ ನಂಬಿದ ಮಗು ಮತ್ತೆ ಗಿಡದ ಬಳಿಗೆ ಹೋಗಿ ನೋಡುವುದಿಲ್ಲ.

ನಾನು ಹೊರಡುವ ದಿನ ಅವಳು ಅದೇ ವಹಿಯನ್ನು ಮತ್ತೆ ತಂದಳು. ಹುಣಸೆಯ ಪುಟ ಹಾಗೆಯೇ ಇತ್ತು, ಷರಾವನ್ನು ಅಳಿಸಿರಲಿಲ್ಲ. ಅದರ ಎದುರಿನ ಖಾಲಿ ಪುಟದಲ್ಲಿ ಬಾವಿಯ ಜರಿಯನ್ನು ಅಂಟಿಸಿ, ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಇದೂ ಒಂದೇ ಎಲೆ.